ನೊರೆ ಬಂತೆಂದು ಆ ಕಲ್ಲನ್ನು ರೀಫ್ ಟ್ಯಾಂಕಿಗೆ ಇಳಿಸಬೇಡಿ

ಕಲಬುರಗಿಯಲ್ಲಿ 200 ಲೀಟರಿನ ಒಂದು ರೀಫ್ ಟ್ಯಾಂಕ್ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಕೆಟ್ಟುಹೋಯಿತು, ಕಲ್ಲಿನಿಂದಲೇ. ಪರಸಿ, ಅಂದರೆ ನೆಲಕ್ಕೆ ಹಾಸುವ ಸುಣ್ಣದ ಕಲ್ಲು, ಕೊಯ್ಯುವ ಕಡೆ ಬಿದ್ದಿದ್ದ ಶಹಾಬಾದಿ ಚೂರುಗಳು, ಜೊತೆಗೆ ಬೀದರಿನ ತೂತುತೂತಾದ ಎರಡು ಕೆಂಪು ಕಲ್ಲು. ಪರಸಿಯ ಮೇಲೆ ವಿನೆಗರ್ ಹನಿಸಿದಾಗ ನೊರೆ ಬಂತು. ನೊರೆ ಬಂದರೆ ಕಲ್ಲು ಟ್ಯಾಂಕಿಗೆ ಆಗುತ್ತದೆ ಎಂಬುದನ್ನೇ ನಂಬಿ, ನಲ್ಲಿ ನೀರಲ್ಲಿ ತೊಳೆದು ಇಳಿಸಿಬಿಟ್ಟರು. ಮೂರನೇ ವಾರಕ್ಕೆ ಪಾಚಿಗೆ ಗೊಬ್ಬರವಾಗುವ ಫಾಸ್ಫೇಟ್ 0.5 ಪಿಪಿಎಂ ದಾಟಿತ್ತು, ಕಲ್ಲಿಗೆಲ್ಲ ಕೂದಲು ಪಾಚಿ. ಗಾಜು ಹಿಡಿದಿದ್ದ ಬಸವನಹುಳುಗಳು ಒಂದೊಂದೇ ಕಳಚಿ ಮರಳಿನ ಮೇಲೆ ಮಗುಚಿ ಬಿದ್ದವು. ಮೀನಿಗೆ ಏನೂ ಆಗಿರಲಿಲ್ಲ. ಉಪ್ಪು, ಅಮೋನಿಯಾ ಸರಿಯಿದ್ದೂ ಹೀಗಾದರೆ ಮೊದಲು ತಾಮ್ರದ ಮೇಲೆ ಸಂಶಯ ಪಡಿ; ಮೀನು ತಾಳಿಕೊಳ್ಳುವ ಪ್ರಮಾಣದಲ್ಲೇ ಅದು ಬಸವನಹುಳು, ಸಿಗಡಿ, ಹವಳಗಳನ್ನು ಕೊಲ್ಲುತ್ತದೆ.

ನೊರೆ ಹೇಳುವುದು ಒಂದೇ ಮಾತು: ಕಲ್ಲಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಒಳಗೆ ಲೋಹ ಇದೆಯೋ, ಕೊಯ್ಯುವಾಗ ಎಣ್ಣೆ, ಪಾಲಿಶ್ ಪುಡಿ ಹತ್ತಿದೆಯೋ, ತೊಗರಿ ಹೊಲದ ಬದುವಿನ ಕಲ್ಲಾದರೆ ಎಷ್ಟು ವರ್ಷದ ಕೀಟನಾಶಕ ಕುಡಿದಿದೆಯೋ, ಅದು ಹೇಳುವುದಿಲ್ಲ.

ಸುಣ್ಣದ ಕಲ್ಲು ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಕಾಯುತ್ತದೆ ಎಂಬ ನಂಬಿಕೆಯೂ ಸುಳ್ಳು. ಸಮುದ್ರದ ನೀರಿನ ಪಿಎಚ್ 8.2ರ ಆಸುಪಾಸು, ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಮೊದಲೇ ತುಂಬಿರುವುದರಿಂದ ಕಲ್ಲು ಕರಗುವುದೇ ಇಲ್ಲ. ಪರಸಿಯ ಇನ್ನೊಂದು ಕೊರತೆ, ಅದು ಗಟ್ಟಿ, ಪದರ ಪದರ. ನೀರಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಮನೆ ಮಾಡಲು ಒಳಗೆ ತೂತಿಲ್ಲ, ಒಂದರ ಮೇಲೊಂದು ಪೇರಿಸಿದರೆ ಸಂದಿಯಲ್ಲಿ ಕೊಳೆ ಕೂಡುತ್ತದೆ. ಬೀದರಿನ ಕೆಂಪು ಕಲ್ಲಿಗೆ ತೂತೇನೋ ಬೇಕಾದಷ್ಟಿವೆ, ಆದರೆ ಅದು ಲ್ಯಾಟರೈಟ್: ಕಬ್ಬಿಣ ಮತ್ತು ಜೇಡಿ. ಸಿಹಿನೀರಿನ ಗಿಡದ ಟ್ಯಾಂಕಿಗೆ ಲ್ಯಾಟರೈಟ್ ಹಾಕುವುದೇ ಗಿಡಕ್ಕೆ ಕಬ್ಬಿಣ ಸಿಗಲಿ ಎಂದು. ರೀಫ್‌ನಲ್ಲಿ ಆ ಕಬ್ಬಿಣ ಪಾಚಿಯ ಪಾಲು.

ರೀಫ್‌ಗೆಂದೇ ಮಾರುವ ಒಣ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನದೇ ಒಂದು ರೂಪ) ಕಲ್ಲು ಅಥವಾ ಸೆರಾಮಿಕ್ ಕಲ್ಲು ತರಿಸಿ. 200 ಲೀಟರಿಗೆ 15ರಿಂದ 20 ಕಿಲೋ ಸಾಕು. ಕಲ್ಲು ಹಗುರ, ತೂತು ಹೆಚ್ಚು ಇದ್ದಷ್ಟೂ ಕಡಿಮೆ ಸಾಲುತ್ತದೆ. ಯಾವ ಕಲ್ಲೇ ಆಗಲಿ, ಒಂದನ್ನು ಸುತ್ತಿಗೆಯಿಂದ ಒಡೆದು ಒಳಗೆ ನೋಡಿ. ಚಿನ್ನದಂತೆ ಮಿನುಗುವ ಚುಕ್ಕೆ, ತುಕ್ಕಿನ ಗೆರೆ, ಹಸಿರು ಇಲ್ಲವೇ ನೀಲಿ ಕಲೆ ಕಂಡರೆ ಅಲ್ಲಿಗೇ ಬಿಡಿ.

ಆಮೇಲೆ ಬ್ರಷ್ಷಿನಿಂದ ಉಜ್ಜಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಆರ್‌ಒ ನೀರಿಗೆ ಉಪ್ಪು ಕಲಸಿ (ಸಾಂದ್ರತೆ 1.025) ಮುಳುಗಿಸಿ, ಪಂಪ್ ಓಡುತ್ತಿರಲಿ. ಬೋರ್ ನೀರು ಬೇಡ, ಅದರಲ್ಲಿ ಮೊದಲೇ ಇರುವುದು ಪರೀಕ್ಷೆಯ ಲೆಕ್ಕ ಕೆಡಿಸಬಹುದು. ವಾರಕ್ಕೊಮ್ಮೆ ಫಾಸ್ಫೇಟ್, ತಾಮ್ರ ಪರೀಕ್ಷಿಸಿ ಪೂರ್ತಿ ನೀರು ಬದಲಿಸಿ. ಕನಿಷ್ಠ ನಾಲ್ಕು ವಾರ. ಹೊಸ ನೀರು ಒಂದು ವಾರ ನಿಂತ ಮೇಲೂ ಫಾಸ್ಫೇಟ್ 0.1ರ ಒಳಗಿದ್ದು, ತಾಮ್ರ ಸೊನ್ನೆ ತೋರಿಸಿದರೆ ಮಾತ್ರ ಟ್ಯಾಂಕಿಗೆ.

ಬೇರೆಯವರ ಹಳೇ ಟ್ಯಾಂಕಿನ ಕಲ್ಲು ಸಿಕ್ಕರೆ ಕುದಿಸಲೇಬೇಡಿ. ಅದರ ಮೇಲೆ ಜೊಆಂಥಿಡ್ ಜಾತಿಯ ಪಾಲಿಪ್ (ಹವಳದ ಬಂಧುವಾದ ಸಣ್ಣ ಕಡಲಜೀವಿ) ಇದ್ದರೆ ಆವಿಯಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡುವಿಷ ಬಂದು ಮನೆಮಂದಿಗೆಲ್ಲ ಉಸಿರು ಕಟ್ಟಬಹುದು. ಇನ್ನು "ಸಮುದ್ರದ ಅಸಲಿ ಹವಳದ ಕಲ್ಲು" ಎಂದು ಯಾರಾದರೂ ಕೊಡಲು ಬಂದರೆ ಮುಟ್ಟಬೇಡಿ: ನಮ್ಮ ಸಮುದ್ರದ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಹಾಗೆಯೇ.