ಬಿರುಕು ಬಿಟ್ಟ ಕಾರ್ಡ್ ಮತ್ತು ಹಾಸನದ ಒಂದು ಜೆರಾಕ್ಸ್ ಅಂಗಡಿ

ಅಣ್ಣನ ಮಗಳು ನನ್ನ ಕೈಚೀಲದಿಂದ ಕೆನಡಾದ ಕಾಯಂ ನಿವಾಸಿ ಕಾರ್ಡ್ ತೆಗೆದು ಬಾಗಿಸಿ ಆಡಿದ್ದಳು. ಹಿಂಬದಿಯಲ್ಲಿ ಯಂತ್ರ ಓದುವ ಸಾಲುಗಳ ಮೇಲೇ ಬಿರುಕು. ಹೆಸರು, ಫೋಟೊ ಸ್ಪಷ್ಟವಾಗಿದ್ದುದರಿಂದ ಧೈರ್ಯ ಮಾಡಿ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋದೆ. ಕೌಂಟರಿನವರು ವಿಮಾನ ಹತ್ತಿಸಲಿಲ್ಲ. ಅದು ಅವರ ನಿಯಮ, ಒಪ್ಪುತ್ತೇನೆ. ಆದರೆ ಮುಂದೇನು ಮಾಡಬೇಕೆಂದು ಒಬ್ಬರೂ ಹೇಳದಿದ್ದುದು ಈಗಲೂ ನೋಯಿಸುತ್ತದೆ.

ದಾರಿ ಸಿಕ್ಕಿದ್ದು ಊರಿಗೆ ಮರಳಿದ ಮೇಲೆ, ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಅಂಗಡಿಯಲ್ಲಿ. ಕೆನಡಾದ ಹೊರಗಿನಿಂದ ಹೊಸ ಕಾರ್ಡಿಗೆ ಅರ್ಜಿ ಹಾಕುವಂತಿಲ್ಲ. ಕಾಯಂ ನಿವಾಸಿಗಳ ಪ್ರಯಾಣ ಪತ್ರಕ್ಕೆ 50 ಕೆನಡಾ ಡಾಲರ್ ಕಟ್ಟಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಐದು ವರ್ಷಗಳಲ್ಲಿ 730 ದಿನ ಅಲ್ಲಿ ವಾಸವಿದ್ದುದನ್ನೂ ತೋರಿಸಬೇಕು. ಅಂಗಡಿಯ ಯಜಮಾನರು ಮೊದಲೇ, "ಕೆನಡಾ ಕೆಲಸ ನಾನು ಮಾಡಿಲ್ಲಮ್ಮ, ನೀವು ಓದಿ ಹೇಳಿ, ನಾನು ಮಾಡುತ್ತೇನೆ" ಎಂದರು. ಆ ಪ್ರಾಮಾಣಿಕತೆಯೇ ನನಗೆ ಹಿಡಿಸಿತು. ಪಾಸ್‌ಪೋರ್ಟಿನ ಒಂದೊಂದು ಪುಟವನ್ನೂ ಮುದ್ರೆಗಳು ಮಸುಕಾಗದಂತೆ ಸ್ಕ್ಯಾನ್ ಮಾಡಿದರು. ಸಂಬಳದ ಚೀಟಿ, ತೆರಿಗೆ ಪತ್ರಗಳನ್ನು ವರ್ಷವಾರು ಜೋಡಿಸಿದರು. ಸಂಜೆಯವರೆಗೂ ಕುಳಿತು, ತೆಗೆದುಕೊಂಡದ್ದು ಪ್ರತಿಗಳ ಹಣ ಮಾತ್ರ.

ಫೋಟೊ ಮಾತ್ರ ಅಲ್ಲಿ ತೆಗೆಸಬೇಡಿ, ಹಿನ್ನೆಲೆಯಲ್ಲಿ ನೆರಳು ಬೀಳುತ್ತದೆ. ನಾನು ಸ್ಟುಡಿಯೋಗೆ ಹೋಗಬೇಕಾಯಿತು.

ಪಾಸ್‌ಪೋರ್ಟಿನಲ್ಲಿ ಪ್ರಯಾಣ ಪತ್ರ ಅಂಟಿಸಿಕೊಂಡು ಕೆನಡಾದ ಬ್ರಾಂಪ್ಟನ್ ತಲುಪಿದೆ. ಹೊಸ ಕಾರ್ಡಿನ ಅರ್ಜಿಯನ್ನು ಇಲ್ಲಿಂದಲೇ ಹಾಕಿದ್ದೇನೆ. ಅಂಗಡಿಗೆ ಐದಕ್ಕೆ ನಾಲ್ಕೂವರೆ ಅಂಕ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಬಾಗಿಲು ಹಾಕಿರುತ್ತಾರೆ, ಬೆಳಿಗ್ಗೆಯೇ ಹೋಗಿ.