ಮಿದುಳಿಗೆ ಪೆಟ್ಟಾದ ಮೇಲೆ: ತಾಳವೋ, ರಾಗವೋ?

ಸಂಗೀತ ಚಿಕಿತ್ಸೆಯಲ್ಲಿ, ತೊಂದರೆ ನಡಿಗೆಯದ್ದಾದರೆ ತಾಳದ ಚಿಕಿತ್ಸೆ ಸಾಕು. ರೋಗಿಯ ಹೆಜ್ಜೆಯ ವೇಗಕ್ಕೇ ಮೆಟ್ರೊನೋಮ್ (ಒಂದೇ ಸಮನೆ ಟಿಕ್ ಟಿಕ್ ಎಂದು ಲಯ ಕೊಡುವ ಸಾಧನ) ಹೊಂದಿಸಿ, ಮೆಲ್ಲಗೆ ವೇಗ ಏರಿಸುತ್ತಾರೆ. ಹಾಡು ಯಾವುದಾದರೇನು, ಬಡಿತ ಸ್ಪಷ್ಟವಿರಬೇಕು.

ಮಾತು ಅರ್ಥವಾಗಿಯೂ ಆಡಲಾಗದವರಿಗೆ 1973ರಿಂದ ಬಳಕೆಯಲ್ಲಿರುವ ಮೆಲೋಡಿಕ್ ಇಂಟೊನೇಶನ್ ಥೆರಪಿ ನೋಡಿ. 'ನೀರು ಬೇಕು' ಎಂಬುದನ್ನು ಎರಡೇ ಸ್ವರಗಳಲ್ಲಿ ಎಳೆದು ಹಾಡಿಸುತ್ತಾ, ಅಕ್ಷರಕ್ಕೊಮ್ಮೆ ಎಡಗೈ ತಟ್ಟಿಸುತ್ತಾರೆ. ಬರಬರುತ್ತಾ ರಾಗ ಕಳಚಿ ಮಾತನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಇದಕ್ಕೆ ದಿನವೂ ಅಭ್ಯಾಸ ಬೇಕು, ಮನೆಯವರಿಗೆ ತಾಳ್ಮೆಯೂ ಬೇಕು. ಸ್ವರಗಳು ರೋಗಿಯ ಮನೆಮಾತಿನ ಏರಿಳಿತಕ್ಕೆ ಒಗ್ಗಬೇಕು. ಮನೆಯವರನ್ನು ಕೇಳದೆ ಧಾಟಿ ಆರಿಸುವವರನ್ನು ನಾನಂತೂ ಒಪ್ಪಲಾರೆ: ಆ ಧಾಟಿ ಅವರಲ್ಲಿ ಸಾವಿನ ಹೊತ್ತಿನದಾಗಿದ್ದರೆ?

ಎರಡಕ್ಕೂ ತ್ರಾಣವಿಲ್ಲವೇ? ಇಷ್ಟದ ಹಾಡು ಕೇಳಿಸಿ. ಪಾರ್ಶ್ವವಾಯು ಪೀಡಿತರ ಮೇಲೆ ಫಿನ್ಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ ಕೇಳಿದವರ ಗಮನಶಕ್ತಿ, ಪದಗಳ ನೆನಪು ಹೆಚ್ಚು ಸುಧಾರಿಸಿದ್ದವು.