ಜಮಖಂಡಿಯ ಗ್ರಹಣದ ಬೆನ್ನು ಹತ್ತಿ: ದುಡ್ಡು ಕೊಟ್ಟ ಪುಸ್ತಕವೋ, ಪುಕ್ಕಟೆ ಪ್ರಬಂಧವೋ?

ಮೊದಲೇ ಹೇಳಿಬಿಡ್ತೀನಿ. ವಿಜ್ಞಾನದ ಇತಿಹಾಸ ಓದಬೇಕು ಅಂತ ಆಸೆ ಇದ್ದು, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಸಂಶೋಧನಾ ಲೇಖನಗಳನ್ನು ಕೂಡಿಟ್ಟಿರುವ ಜೆಸ್ಟೋರ್ ಎಂಬ ಜಾಲತಾಣದಿಂದ ಶುರು ಮಾಡಿ. ನಾನು ಹಾಗೆ ಮಾಡದೆ 1,950 ರೂಪಾಯಿ ಕಳೆದುಕೊಂಡೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಒಂದು ದಿನ ಹೀಲಿಯಂ ಪಾಠ ನಡೆದಿತ್ತು. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ ಆಯಿತು, ಜಾನ್ಸೆನ್ ಎಂಬ ಫ್ರೆಂಚ್ ವಿಜ್ಞಾನಿ ಗುಂಟೂರಿನಿಂದ ಅದನ್ನು ನೋಡಿದ ಎಂದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ನಮ್ಮ ಕಡೆ ಕಾಣಲಿಲ್ವಾ ಟೀಚರ್?" ಕಂಡಿರಬೇಕು ಎಂದು ಹಾರಿಕೆಯ ಉತ್ತರ ಕೊಟ್ಟು ಮನೆಗೆ ಬಂದೆ. ರಾತ್ರಿ ಹುಡುಕಿದರೆ, ಗ್ರಹಣ ಕಂಡದ್ದಷ್ಟೇ ಅಲ್ಲ, ಅದನ್ನು ನೋಡಲೆಂದೇ ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣ ಹಿಡಿದುಕೊಂಡು ಒಬ್ಬ ಲೆಫ್ಟಿನೆಂಟ್ ನಮ್ಮ ಜಮಖಂಡಿಗೇ ಬಂದಿದ್ದ! ಅವನ ಹೆಸರು ಜಾನ್ ಹರ್ಶೆಲ್. ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಶೆಲ್‌ನ ಮೊಮ್ಮಗ.

ಅಲ್ಲಿಗೆ ನಿದ್ದೆ ಹೋಯಿತು. ಆಗಿನವರು ಬರೆದದ್ದನ್ನೇ ಓದಬೇಕು ಅನ್ನಿಸಿತು. ಮೂರು ದಾರಿ ಹಿಡಿದೆ.

ಮೊದಲನೆಯದು ಮರುಮುದ್ರಣದ ಪುಸ್ತಕ. ಆರ್ಡರ್ ಬಂದ ಮೇಲೆ ಅಚ್ಚು ಹಾಕಿ ಕಳಿಸುತ್ತಾರಲ್ಲ, ಅಂಥದ್ದು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಮೇಜರ್ ಟೆನಂಟ್‌ನ ವರದಿ ಅದು. ಟೆನಂಟ್ ದೂರದರ್ಶಕಕ್ಕೆ ಕ್ಯಾಮೆರಾ ಕಟ್ಟಿ ಆರು ಫೋಟೋ ತೆಗೆದಿದ್ದ. ನನಗೆ ಬೇಕಾಗಿದ್ದೇ ಆ ಫೋಟೋಗಳು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಲ್ಯಾಬಿನ ಗೋಡೆಗೆ ಅಂಟಿಸೋಣ ಎಂದಿದ್ದೆ.

ಪುಸ್ತಕ ಹನ್ನೊಂದು ದಿನಕ್ಕೆ ಬಂತು. ಮುಖಪುಟದ ಮೇಲೆ ಹಾಯಿ ಹಡಗು. ಗ್ರಹಣಕ್ಕೂ ಹಡಗಿಗೂ ಏನು ಸಂಬಂಧವೋ. ಹೋಗಲಿ ಎಂದು ಚಿತ್ರದ ಪುಟ ತೆಗೆದೆ. ಕಪ್ಪು ಚೌಕ. ಮುಂದಿನದೂ ಕಪ್ಪು ಚೌಕ. ಸೂರ್ಯನ ಅಂಚಿನ ಜ್ವಾಲೆ ಇರಬೇಕಾದ ಕಡೆ ಇಂಕು ಚೆಲ್ಲಿದ ಹಾಗೆ ಒಂದು ಮಚ್ಚೆ. ಇನ್ನೊಂದು ಪುಟದಲ್ಲಿ ಅಂಕಿಗಳ ಕೋಷ್ಟಕದ ಬಲಗಡೆಯ ಸಾಲು ಅರ್ಧಕ್ಕೆ ಕತ್ತರಿಸಿ ಹೋಗಿತ್ತು. ಮತ್ತೊಂದರಲ್ಲಿ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಮಾತ್ರ ಸ್ಪಷ್ಟವಾಗಿ ಬಂದಿತ್ತು.

ವಾಪಸ್ ಕೊಡಲು ನೋಡಿದೆ. ಮೊದಲ ಪುಟದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಹಳೆಯ ಪುಸ್ತಕ, ಕೆಲವು ಪುಟ ಮಸುಕಾಗಿರಬಹುದು, ಅದು ಮೂಲದ ದೋಷ. ಪೂರ್ತಿ ಸುಳ್ಳು. ಅದೇ ವರದಿ ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಲೈಬ್ರರಿಯಲ್ಲಿ ಪುಕ್ಕಟೆ ಇತ್ತು. ಒಂದಲ್ಲ, ಬೇರೆ ಬೇರೆ ಪ್ರತಿಯಿಂದ ಮಾಡಿದ ಎರಡು ಸ್ಕ್ಯಾನ್. ಒಂದರಲ್ಲಿ ನನ್ನ ಪುಸ್ತಕದ್ದೇ ಕಪ್ಪು ಚೌಕ, ಅದೇ ಹೆಬ್ಬೆರಳು! ಇನ್ನೊಂದು ಬಣ್ಣದ ಸ್ಕ್ಯಾನ್. ಕಾಗದದ ಹಳದಿ, ಅಂಚಿನ ಕಲೆ, ಚಂದ್ರನ ಸುತ್ತಲಿನ ಬೆಳಕು ಎಲ್ಲವೂ ಕಾಣುತ್ತಿತ್ತು. ಬರೀ ಕಪ್ಪು, ಬರೀ ಬಿಳಿ ಎಂದು ಎರಡೇ ಛಾಯೆಯಲ್ಲಿ ಸ್ಕ್ಯಾನ್ ಮಾಡಿದರೆ ಅಕ್ಷರ ಚೆನ್ನಾಗಿ ಬರುತ್ತವೆ, ಫೋಟೋ ಸಾಯುತ್ತವೆ. ಯಾರೋ ಪುಕ್ಕಟೆಯ ಕೆಟ್ಟ ಸ್ಕ್ಯಾನನ್ನೇ ಅಚ್ಚು ಹಾಕಿ ನನಗೆ ಮಾರಿದ್ದರು.

ಹಾಗಾಗಿ ಈಗ ಯಾವ ಹಳೆಯ ಪುಸ್ತಕ ಸಿಕ್ಕರೂ ಮೊದಲು ಚಿತ್ರದ ಪುಟಕ್ಕೇ ಹಾರುತ್ತೇನೆ. ಚಿತ್ರ ಹಾಳಾಗಿದ್ದರೆ ಅದೇ ಪುಸ್ತಕದ ಬೇರೆ ಸ್ಕ್ಯಾನ್ ಹುಡುಕುತ್ತೇನೆ. ಮಡಚಿಟ್ಟ ನಕ್ಷೆಗಳ ಕಥೆಯೂ ಇಷ್ಟೇ. ಎಷ್ಟೋ ಕಡೆ ಅವನ್ನು ಬಿಚ್ಚದೆ ಹಾಗೇ ಸ್ಕ್ಯಾನ್ ಮಾಡಿರುತ್ತಾರೆ, ನಮಗೆ ಕಾಣುವುದು ಮಡಿಕೆಯ ಬೆನ್ನು ಮಾತ್ರ.

ಎರಡನೆಯದು ಲೈಬ್ರರಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಇಳಿದರೆ ಅವತ್ತು ಎರಡನೇ ಶನಿವಾರ. ಬಾಗಿಲು ಹಾಕಿತ್ತು. ತಪ್ಪು ನನ್ನದೇ. ಇನ್ನೊಂದು ಸಲ ಹೋಗಿ ಹಳೆಯ ಸಂಪುಟ ಕೈಯಲ್ಲಿ ಹಿಡಿದು ಓದಿದಾಗ ಖುಷಿಯಾಯಿತು, ಸುಳ್ಳು ಹೇಳಲ್ಲ. ಆದರೆ ಬಸ್ಸು, ರೂಮು, ಊಟ ಸೇರಿ ಆ ಒಂದು ದಿನಕ್ಕೆ ಮರುಮುದ್ರಣದ ಪುಸ್ತಕಕ್ಕಿಂತ ಜಾಸ್ತಿ ಖರ್ಚಾಯಿತು. ನೀವು ಬೆಂಗಳೂರಿನವರೇ ಆದರೆ ಲೆಕ್ಕ ಬೇರೆ. ಖಗೋಳದ ಆಸಕ್ತಿ ಇದ್ದವರಿಗೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಇದೆ. ಮದ್ರಾಸ್ ಮತ್ತು ಕೊಡೈಕೆನಾಲ್ ವೀಕ್ಷಣಾಲಯಗಳ ಹಳೆಯ ದಾಖಲೆ ಅಲ್ಲಿವೆ. ಜೀವಶಾಸ್ತ್ರದವರಿಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಆರ್ಕೈವ್ಸ್, ಅಂದರೆ ಹಳೆಯ ದಾಖಲೆಗಳ ಸಂಗ್ರಹ, ಇದೆ.

ಮೂರನೆಯದೇ ಜೆಸ್ಟೋರ್. ಅಮೆರಿಕದ ಹೊರಗೆ 1870ಕ್ಕಿಂತ ಮೊದಲು ಅಚ್ಚಾದ ಲೇಖನಗಳನ್ನು ಅವರು 2011ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಖಾತೆಯೂ ಬೇಡ, ದುಡ್ಡೂ ಬೇಡ. ಹರ್ಶೆಲ್‌ನ ಪ್ರಬಂಧ ಇರುವುದು ರಾಯಲ್ ಸೊಸೈಟಿಯ 1868-69ರ ಸಂಪುಟದಲ್ಲಿ. ಕೂದಲೆಳೆಯಲ್ಲಿ ನನ್ನ ಪಾಲಿಗೆ ಬಂತು! ರಾಯಲ್ ಸೊಸೈಟಿಯ ಸ್ವಂತ ಜಾಲತಾಣದಲ್ಲೂ 70 ವರ್ಷ ದಾಟಿದ ಪ್ರಬಂಧಗಳು ಪುಕ್ಕಟೆ ಸಿಗುತ್ತವೆ. ನನಗೆ ಜೆಸ್ಟೋರ್ ರೂಢಿಯಾಗಿದೆ, ಅಷ್ಟೇ.

ಹುಡುಕುವಾಗ ಒಂದು ಕಿರಿಕಿರಿ ಇದೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ನಾವು ಈಗ ಬರೆಯುವ ಹಾಗೆ ಟೈಪ್ ಮಾಡಿದರೆ ಏನೂ ಬರಲಿಲ್ಲ. ಆ ಕಾಲದವರು ಕೆ ಆದ ಮೇಲೆ ಎಚ್ ಹಾಕುತ್ತಿರಲಿಲ್ಲ, 'ಜಮಕಂಡಿ' ಎಂದೇ ಬರೆಯುತ್ತಿದ್ದರು. ಎಚ್ ಕಿತ್ತು ಹಾಕಿದೆ, ಪ್ರಬಂಧ ತಟ್ಟನೆ ಎದುರಿಗೆ ಬಂತು.

ರಾತ್ರಿ ಪಾತ್ರೆ ತೊಳೆದಿಟ್ಟು, ಮೊಬೈಲ್ ಹಿಡಿದು ಓದಲು ಕೂತೆ. ಆಗಸ್ಟ್ ತಿಂಗಳು, ಮೋಡ ಹರ್ಶೆಲ್‌ನನ್ನು ಚೆನ್ನಾಗಿ ಕಾಡಿತ್ತು. ಮೋಡ ಸರಿದ ಹೊತ್ತಿನಲ್ಲಿ ಸೂರ್ಯನ ಅಂಚಿನ ಜ್ವಾಲೆಯತ್ತ ರೋಹಿತದರ್ಶಕ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಯಾವ ಧಾತು ಇದೆ ಎಂದು ಗೆರೆಗಳಲ್ಲಿ ತೋರಿಸುವ ಉಪಕರಣ) ತಿರುಗಿಸಿದರೆ ಮೂರು ಗೆರೆ ಕಂಡವು: ಕೆಂಪು, ಕಿತ್ತಳೆ, ನೀಲಿ. ಕಿತ್ತಳೆ ಗೆರೆಯನ್ನು ಅವನು ಸೋಡಿಯಂನ ಡಿ ಗೆರೆ ಎಂದೇ ಎಣಿಸಿದ. ಆದರೆ ಜೊತೆಗೇ ಒಂದು ಮಾತು ಸೇರಿಸಿದ್ದಾನೆ: ನನ್ನ ಉಪಕರಣಕ್ಕೆ ಹೇಳಲು ಸಾಧ್ಯವಾದ ಮಟ್ಟಿಗೆ. ಅದನ್ನು ಎರಡು ಸಲ ಓದಿದೆ. ಆ ಗೆರೆ ಸೋಡಿಯಂನದ್ದಲ್ಲ ಎಂದು ಮುಂದೆ ಗೊತ್ತಾಯಿತು. ಅದೇ ಹೀಲಿಯಂ. ರಾಮ್ಸೆ ಅದನ್ನು ಭೂಮಿಯ ಮೇಲೆ ಹಿಡಿದದ್ದು 1895ರಲ್ಲಿ. ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಕಥೆ ಇದು.

ಹೊಸ ಲೇಖನಗಳಿಗೆ ಜೆಸ್ಟೋರ್‌ನಲ್ಲಿ ಉಚಿತ ಖಾತೆ ಮಾಡಿಕೊಂಡೆ. ತಿಂಗಳಿಗೆ 100 ಲೇಖನ ಪರದೆಯ ಮೇಲೆ ಓದಬಹುದು, ಡೌನ್‌ಲೋಡ್ ಮಾಡಲು ಬರಲ್ಲ. ನಾನು ಹೇಗೂ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆದುಕೊಳ್ಳುವವಳು, ನನಗೆ ತೊಂದರೆ ಇಲ್ಲ. ಪಿಡಿಎಫ್ ಗುಡ್ಡೆ ಹಾಕುವ ಅಭ್ಯಾಸ ಇದ್ದವರಿಗೆ ಬೇಸರ ಆಗಬಹುದು.

ಭಾರತದ ಗಣಿತ, ಆಯುರ್ವೇದ, ಲೋಹವಿದ್ಯೆ ಬೇಕಾದರೆ ಮಾತ್ರ ದಾರಿ ಬದಲಿಸಿ. ದೆಹಲಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಿಂದ ಇದಕ್ಕೆಂದೇ ಒಂದು ನಿಯತಕಾಲಿಕ ತರುತ್ತಿದೆ. ಕೂತು ಕಲಿಯುವವರಿಗೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ ಭಾರತೀಯ ಗಣಿತದ ಇತಿಹಾಸದ ಪಾಠಗಳಿವೆ, ನೋಡಲು ದುಡ್ಡಿಲ್ಲ. ದುಡ್ಡು ಕಟ್ಟಿಸಿಕೊಳ್ಳುವ ಒಂದು ಆನ್‌ಲೈನ್ ಕೋರ್ಸಿಗೂ ನಾನು ಸೇರಿದ್ದೆ. ಗೆಲಿಲಿಯೋ, ನ್ಯೂಟನ್, ಡಾರ್ವಿನ್, ಸರ್ಟಿಫಿಕೇಟ್, ಮುಗೀತು.

ಲ್ಯಾಬಿನ ಗೋಡೆಗೆ ಈಗ ಬಣ್ಣದ ಸ್ಕ್ಯಾನಿನಿಂದ ತೆಗೆದ ಫೋಟೋ ಅಂಟಿಸಿದ್ದೇನೆ. ಪ್ರಿಂಟಿಗೆ 40 ರೂಪಾಯಿ. ಅದನ್ನು ನೋಡಿದ ಆ ಹುಡುಗಿ ಈಗ ವಿಜಯಪುರದಲ್ಲಿ ಯಾರೂ ನೋಡಲಿಲ್ವಾ ಎಂದು ಕೇಳುತ್ತಿದ್ದಾಳೆ. ನೋಡಿದ್ದಾರೆ, ಕ್ಯಾಪ್ಟನ್ ಹೇಗ್ ಅಂತ. ಅವನ ಪ್ರಬಂಧವೂ ಅದೇ ಸಂಪುಟದಲ್ಲಿದೆ, ಇವತ್ತು ರಾತ್ರಿ ಅದನ್ನು ಓದಬೇಕು.